ಸಿದ್ರಾಮಪ್ಪ ಮುತ್ಯಾನ ಕರಿ ಮೂರು

ಮೊನ್ನೆ ಚಾರ್ಜರ್ ಹುಡುಕುತ್ತ ಕಪಾಟಿನ ಕೆಳಗಿನ ಡ್ರಾಯರ್ ಎಳೆದೆ. ಚಾರ್ಜರ್ ಸಿಗಲಿಲ್ಲ, ಜೇಷ್ಠಮಧುವಿನ ವಾಸನೆ ಬಂತು. ವೈರುಗಳ ಗೋಜಲಿನ ಕೆಳಗೆ, ಹಳೆಯ ಕಾಗದದಲ್ಲಿ ಸುತ್ತಿದ ಬೇರಿನ ತುಂಡುಗಳು ಒಣಗಿ ಕಟ್ಟಿಗೆಯಾಗಿ ಕೂತಿದ್ದವು. ಒಂದನ್ನು ಬಾಯಿಗೆ ಹಾಕಿಕೊಂಡೆ. ಸಿಹಿ ಇನ್ನೂ ಇತ್ತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿ, "ಹಾಡಾಕ ಬರಲಿಲ್ಲಂತ ಈಗ ವೈರ್ ತಿನ್ನಾಕ ಸುರು ಮಾಡಿದ್ರೇನು?" ಎಂದಳು.

ಅವಳ ಪ್ರಶ್ನೆಗೆ ಒಂದು ಇತಿಹಾಸವಿದೆ. ಆಳಂದದ ಬಸ್ ಸ್ಟ್ಯಾಂಡಿನ ಹಿಂದೆ ನನ್ನದು ಪಂಪ್‌ಸೆಟ್ಟಿನ ಬಿಡಿಭಾಗಗಳ ಅಂಗಡಿ. ವಾಶರ್, ಬೇರಿಂಗ್, ಫುಟ್‌ವಾಲ್ವ್ ಮಾರಿ ಮಾರಿ ನನಗೊಂದು ನಂಬಿಕೆ ಬೆಳೆದುಬಿಟ್ಟಿದೆ: ಜಗತ್ತಿನ ಎಲ್ಲ ದುಃಖಕ್ಕೂ ಎಲ್ಲೋ ಒಂದು ಕಡೆ ಒಂದು ಬಿಡಿಭಾಗ ಇದ್ದೇ ಇರುತ್ತದೆ, ಸರಿಯಾದ ಸೈಜು ಸಿಗಬೇಕು ಅಷ್ಟೆ. ಸಂಗೀತದ ಹುಚ್ಚು ಹತ್ತಿದಾಗಲೂ ನಾನು ಇದೇ ನಂಬಿಕೆಯಿಂದ ಮುಂದುವರಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲ ಸಪಾಟು ಮಾಡುವ ಯಂತ್ರ ತರಿಸಿದವನು. ನನಗೆ ಸಂಗೀತ ಬರುವುದಿಲ್ಲ, ಸಂಗೀತದ ಸಾಮಾನು ಬರುತ್ತದೆ, ಪಾರ್ಸೆಲ್‌ನಲ್ಲಿ.

ಮೊದಲು ಬಂದದ್ದು ತಂಬೂರಿಯಂತೆ ನುಡಿಯುವ ಒಂದು ಡಬ್ಬಿ. ಅದು ಮೂಲೆಗೆ ಬೀಳುವಷ್ಟರಲ್ಲಿ ಅದೇ ತಂಬೂರಿ ಫೋನಿನೊಳಗೆ ಪುಕ್ಕಟೆ ಸಿಗತೊಡಗಿತು. ಆಮೇಲೆ ತಬಲಾದ ಆ್ಯಪ್. ಅದಕ್ಕೆ ಚಹಾ ಬೇಡ, ಎಲೆಯಡಿಕೆ ಬೇಡ, ಮಗಳ ಸೀಮಂತಕ್ಕೆ ರಜೆ ಬೇಡ. ಹಾಡುವವನು ತಾಳ ತಪ್ಪಿದರೆ ಕಣ್ಣು ಕೆಕ್ಕರಿಸಿ ನೋಡುವುದೂ ಇಲ್ಲ, ತನ್ನ ಪಾಡಿಗೆ ತಾನು ಮುಂದೆ ಹೋಗಿಬಿಡುತ್ತದೆ. ಆಮೇಲೆ ಸ್ವರ ಸರಿ ಇದ್ದರೆ ಹಸಿರು, ತಪ್ಪಿದರೆ ಕೆಂಪು ತೋರಿಸುವ ಒಂದು ಸಣ್ಣ ಯಂತ್ರ. ನಾನು ಹಾಡುವಾಗ ಅದು ಆಳಂದದ ಏಕೈಕ ಟ್ರಾಫಿಕ್ ಸಿಗ್ನಲ್ ಆಗಿರುತ್ತಿತ್ತು, ಅದೂ ಸದಾ ಕೆಂಪು. ಕೊನೆಗೆ, ಹಾಡಿದ್ದನ್ನು ರೆಕಾರ್ಡ್ ಮಾಡಿಕೊಟ್ಟರೆ ಅಪಸ್ವರಗಳನ್ನೆಲ್ಲ ತಾನೇ ತಿದ್ದುವ ಸಾಫ್ಟ್‌ವೇರ್ ತರಿಸಿದೆ. ತಿದ್ದಿಸಿಕೊಂಡು ಯಂತ್ರದ ದನಿಯಾಗಿದ್ದ ನನ್ನ ವಚನವನ್ನು ಹೆಂಡತಿಗೆ ಕೇಳಿಸಿದಾಗ ಅವಳು ಪೂರ್ತಿ ಕೇಳಿ, "ಛಂದ ಅದ. ಆದ್ರ ಬಸ್ ಎಷ್ಟಕ್ಕ ಬರ್ತದಂತ ಹೇಳಲೇ ಇಲ್ಲಲ್ಲ" ಎಂದಳು.

ಇಷ್ಟೆಲ್ಲ ಸಾಮಾನಿನಲ್ಲಿ ನಿಜಕ್ಕೂ ಇನ್ನೊಬ್ಬರ ಬದುಕಿಗೆ ಹತ್ತಿದ್ದು ಒಂದೇ ಒಂದು. ಆ ಕತೆಗೆ ಈ ಜೇಷ್ಠಮಧು ಸಾಕ್ಷಿ.

ಮಟಕಿ ಆಳಂದ ತಾಲೂಕಿನದೇ ಊರು. ಅಲ್ಲಿನ ಮಠದಲ್ಲಿ ದಿನಾ ಸಂಜೆ ಹಾಡುವ ಹಿರಿಯರು ಕೂಡುತ್ತಾರೆ, ಸೋಮವಾರ ಭಜನೆ. ಆ ದಿನ ಅಂಗಡಿ ಮುಚ್ಚಿಕೊಂಡು ನಾನು ಹೋಗಿ ಪೇಟಿ ಬಾರಿಸುತ್ತೇನೆ. ಪೇಟಿ ಅಂದರೆ ಹಾರ್ಮೋನಿಯಂ. ಬಾರಿಸುವುದೆಂದರೆ ಹಾಡುವವರ ಹಿಂದೆ ಹಿಂದೆ ಬೆರಳು ಓಡಿಸುವುದು, ಅಷ್ಟರಮಟ್ಟಿಗೆ ನನಗೆ ಬರುತ್ತದೆ. ಹಾಡುವವರು ಸಿದ್ರಾಮಪ್ಪ, ಊರಿಗೆಲ್ಲ ಮುತ್ಯಾ, ಅಂದರೆ ಅಜ್ಜ. ತೊಗರಿ ಬೆಳೆಯುವ ಒಕ್ಕಲಿಗ, ಬಿಳಿ ಧೋತರ, ತಲೆಗೆ ಕೆಂಪಂಚಿನ ಪಟಗ. ಮಾತಾಡುವಾಗ ಸಾಧಾರಣ ಮನುಷ್ಯ. ಹಾಡಲು ಬಾಯಿ ತೆರೆದರೆ ಮಠದ ಹೊರಗೆ ಕಟ್ಟಿದ ಎತ್ತು ಕಿವಿ ನಿಮಿರಿಸುತ್ತಿತ್ತು. ಉತ್ಪ್ರೇಕ್ಷೆ ಅನ್ನಬೇಡಿ, ಆ ಎತ್ತನ್ನು ನಾನೇ ನೋಡಿದ್ದೇನೆ.

ಈಗ ಪಟ್ಟಿಯ ವಿಷಯ ಸ್ವಲ್ಪ ಹೇಳಬೇಕು. ಪೇಟಿಯಲ್ಲಿ ಕರಿ ಮನೆ, ಬಿಳಿ ಮನೆ ಅಂತ ಇರುತ್ತವೆ. ಯಾವ ಮನೆಯನ್ನು 'ಸ' ಮಾಡಿಕೊಂಡು ಹಾಡುತ್ತೀರೋ ಅದು ನಿಮ್ಮ ಪಟ್ಟಿ. ಗಂಡಸರು ಹೆಚ್ಚಾಗಿ ಕರಿ ಒಂದು, ಬಹಳವಾದರೆ ಕರಿ ಎರಡು. ಸಿದ್ರಾಮಪ್ಪ ಮುತ್ಯಾನದು ಕರಿ ಮೂರು. ಅಷ್ಟು ಮೇಲೆ ನಿಂತು, ಅಲ್ಲಿಂದ ಇನ್ನೂ ಮೇಲಿನ ಸಾಲಿಗೆ, ಅಂದರೆ ಪದದ ತಾರಸ್ವರದ ಸಾಲಿಗೆ, ಏರುವವರು ನಮ್ಮ ಮೂರು ತಾಲೂಕಿನಲ್ಲಿ ಬೇರೆ ಇರಲಿಲ್ಲ. ಬೇರೆ ಕಡೆ ಮನುಷ್ಯನನ್ನು ಹೊಲದಿಂದಲೋ ಮನೆತನದಿಂದಲೋ ಗುರುತಿಸುತ್ತಾರೆ. ಭಜನೆಯವರು ಪಟ್ಟಿಯಿಂದ ಗುರುತಿಸುತ್ತಾರೆ. "ಯಾರು ಬಂದಾರ?" "ಮಟಕಿ ಕರಿ ಮೂರು ಬಂದಾರ್ರಿ." ಹರೆಯದಲ್ಲಿ ಒಮ್ಮೆ ಮಠದ ಕಟ್ಟೆಯ ಮೇಲೆ, ಹತ್ತು ಹಿರಿಯರ ಎದುರಿಗೆ, ಇವರು ಆಣೆ ಮಾಡಿದ್ದರಂತೆ: "ಕರಿ ಮೂರು ಬಿಟ್ಟ ದಿನ ಹಾಡೂ ಬಿಡ್ತೇನಿ." ಆಣೆ ಮಾಡುವಾಗ ಮನುಷ್ಯನಿಗೆ ತನ್ನ ಗಂಟಲಿಗೂ ವಯಸ್ಸಾಗುತ್ತದೆ ಎಂಬುದು ನೆನಪಿರುವುದಿಲ್ಲ. ಹೇಳಿದ್ದನ್ನು ಊರು ಮಾತ್ರ ಮರೆಯುವುದಿಲ್ಲ.

ಒಂದು ಚಳಿಗಾಲ ಅವರ ಹೆಂಡತಿ ನೀಲಮ್ಮಾಯಿ ನನ್ನ ಅಂಗಡಿಗೆ ಬಂದರು. ಫುಟ್‌ವಾಲ್ವ್ ಬೇಕು ಅಂದರು. ಯಾವ ಸೈಜು ಅಂದರೆ ಗೊತ್ತಿಲ್ಲ ಅಂದರು. ಸ್ಟೂಲಿನ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ವಿಷಯಕ್ಕೆ ಬಂದರು.

"ನಿಮ್ಮ ಮುತ್ಯಾಗ ನೆಗಡಿ ಆಗಿ ಗಂಟಲು ಕುಂತದ. ನಿನ್ನಿ ಹಿತ್ತಲದಾಗ ಒಬ್ರೇ ಹಾಡಾಕತ್ತಿದ್ರು. ಮ್ಯಾಲಿನ ಸಾಲು ಬರಲಿಲ್ಲ. ಸೋಮವಾರ ಮಠದಾಗ ಬರಲಿಲ್ಲಂದ್ರ ಹಾಡಾದು ಬಿಡ್ತಾರ."

"ನೆಗಡಿ ಹೋಗ್ತದ್ರೆವ್ವಾ. ಬಿಡೂದ್ಯಾಕ?"

"ಅವರ ಹಟ ನಿಮಗ ಗೊತ್ತಿಲ್ಲ. ಬಿಡ್ತೇನಿ ಅಂದ್ರ ಬಿಟ್ಟರು. ಹಾಡು ಬಿಟ್ರ ಸಂಜಿಕ ಎಲ್ಲಿ ಹೋಗ್ತಾರ? ಮನ್ಯಾಗ ಕುಂಡರ್ತಾರ. ಅವರು ಮನ್ಯಾಗ ಕುಂತ್ರ ನನ್ನ ಗತಿ ಏನು, ನೀವೇ ಹೇಳ್ರಿ."

ನೀಲಮ್ಮಾಯಿ ನಗಲಿಲ್ಲ. ಸಂಗೀತದ ಬಗ್ಗೆ ನಾನು ಓದಿದ ದೊಡ್ಡ ಮಾತುಗಳೆಲ್ಲ ಒಂದು ಕಡೆಗಿರಲಿ, ಅದರ ಉಪಯೋಗವನ್ನು ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿದ್ದು ನನಗೆ ನೆನಪಿಲ್ಲ.

ಅದೇ ತಿಂಗಳು ನಾನು ಸೊಲ್ಲಾಪುರದಿಂದ ಹೊಸ ಪೇಟಿ ತಂದಿದ್ದೆ. ಜಾರುವ ಪೇಟಿ. ಅದರ ಮನೆಗಳ ಸಾಲು ಇಡಿಯಾಗಿ ಎಡಕ್ಕೂ ಬಲಕ್ಕೂ ಸರಿಯುತ್ತದೆ. ಬದಿಯಲ್ಲಿರುವ ಗುಬ್ಬಿ, ಅಂದರೆ ಸಣ್ಣ ಹಿಡಿಗುಂಡಿ, ಎತ್ತಿ ಒಂದು ಮನೆ ಸರಿಸಿದರೆ, ಬೆರಳು ಅದೇ ಕರಿ ಮೂರರ ಮೇಲೆ ಇರುತ್ತದೆ, ಒಳಗಿನಿಂದ ಬರುವ ಸ್ವರ ಮಾತ್ರ ಅರ್ಧ ಮೆಟ್ಟಿಲು ಕೆಳಗಿನದು. ನನ್ನಂಥ ಅರೆಬರೆ ಕಲಿತವರಿಗಾಗಿಯೇ ಮಾಡಿದ್ದು: ಬೆರಳಿಗೆ ಒಂದೇ ಪಟ್ಟಿ ಗೊತ್ತಿದ್ದರೂ ಯಾರ ಹಿಂದೆ ಬೇಕಾದರೂ ಬಾರಿಸಬಹುದು. ನೀಲಮ್ಮಾಯಿ ಎದ್ದು ಹೋಗುವ ಮೊದಲೇ ನನ್ನ ತಲೆಯಲ್ಲಿ ಬಿಡಿಭಾಗ ಸಿಕ್ಕಿತ್ತು, ಸೈಜೂ ಬರೋಬ್ಬರಿ ಇತ್ತು.

ಸೋಮವಾರ ಪೇಟಿಯ ಮೇಲೆ ಜರಿಯ ಬಟ್ಟೆ ಹೊದಿಸಿಕೊಂಡು ಹೋದೆ. ಒಂದು ಮನೆ ಇಳಿಸಿದ್ದೆ, ಫೋನಿನ ತಂಬೂರಿಯನ್ನೂ ಅಷ್ಟೇ ಇಳಿಸಿದ್ದೆ. ಮುತ್ಯಾ ನನ್ನ ಬೆರಳು ಕರಿ ಮೂರರ ಮೇಲೆ ಕೂತದ್ದನ್ನು ಎಂದಿನಂತೆ ಕಣ್ಣಾರೆ ನೋಡಿಕೊಂಡು ಹಾಡು ಎತ್ತಿದರು. ಮೇಲಿನ ಸಾಲು ಬಂತು, ಸ್ವಲ್ಪ ಕೆಮ್ಮಿನೊಂದಿಗೆ. ಮೂಲೆಯಲ್ಲಿ ಕೂತಿದ್ದ ನೀಲಮ್ಮಾಯಿ ನನ್ನ ಕಡೆ ನೋಡದೆ ಸೆರಗು ಸರಿಪಡಿಸಿಕೊಂಡರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಅವರ ಕಿವಿಗೆ ಗೊತ್ತಾಗಲಿಲ್ಲವೇ ಎಂದು ನೀವು ಕೇಳುತ್ತೀರಿ. ಕಿವಿಗೆ ಮೆಟ್ಟಿಲಿಂದ ಮೆಟ್ಟಿಲಿಗೆ ಎಷ್ಟು ಅಂತರ ಎಂಬುದು ಗೊತ್ತಾಗುತ್ತದೆ, ಏಣಿಯ ಬುಡ ಎಲ್ಲಿದೆ ಎಂಬುದು ಗೊತ್ತಾಗುವುದಿಲ್ಲ, ಪಕ್ಕದಲ್ಲಿ ಇನ್ನೊಂದು ಏಣಿ ನಿಲ್ಲಿಸುವವರೆಗೆ. ಫೋನು ಪಟ್ಟಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ತೋರಿಸುತ್ತಿತ್ತು. ಮುತ್ಯಾ ಅದನ್ನು ಓದುತ್ತಿರಲಿಲ್ಲ, ನಾನು ಓದಿ ಹೇಳುತ್ತಿರಲಿಲ್ಲ.

ನೆಗಡಿ ಹೋಯಿತು. ಇಳಿಸಿದ ಮನೆ ಹಾಗೆಯೇ ಉಳಿಯಿತು. ಇಳಿಸುವುದಕ್ಕೆ ಒಂದು ಕಾರಣ ಬೇಕಾಗುತ್ತದೆ, ಇಳಿದದ್ದು ಇಳಿದಂತೆಯೇ ಇರುವುದಕ್ಕೆ ಯಾವ ಕಾರಣವೂ ಬೇಕಾಗುವುದಿಲ್ಲ. ಮರುವರ್ಷ ತೊಗರಿ ರಾಶಿಯ ಧೂಳಿಗೆ ಕೆಮ್ಮು ಬಂದಾಗ ಇನ್ನೊಂದು ಮನೆ. ಅದರ ಮುಂದಿನ ವರ್ಷ ಕೆಮ್ಮೂ ಬರಲಿಲ್ಲ, ಬರಬಹುದೆಂದು ಮುಂಜಾಗ್ರತೆಗೆ ಮತ್ತೊಂದು. ಭಜನೆಯ ಮೇಳದವರಿಗೆಲ್ಲ ತಿಳಿದಿತ್ತು. ಮಟಕಿಯಲ್ಲಿ ಗುಟ್ಟು ಸಂಜೆಯವರೆಗೆ ಉಳಿಯುವುದೇ ಹೆಚ್ಚು. ಇದೊಂದು ವರ್ಷಗಟ್ಟಲೆ ಉಳಿಯಿತು. ಎಲ್ಲರಿಗೂ ಮುತ್ಯಾನ ಹಾಡು ಬೇಕಿತ್ತು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಮುತ್ಯಾನಿಗೆ ತನ್ನ ಗಂಟಲು ವರ್ಷದಿಂದ ವರ್ಷಕ್ಕೆ ಹಗುರಾಗುತ್ತಿರುವುದು ತಿಳಿಯದೆ ಹೋದೀತೇ? ತಿಳಿಯಿತು. ಅದಕ್ಕವರು ಕಾರಣವನ್ನೂ ಕಂಡುಹಿಡಿದರು: ಜೇಷ್ಠಮಧು. ನೆಗಡಿಯ ಕಾಲದಲ್ಲಿ ಶುರುಮಾಡಿದ್ದನ್ನು ಬಿಟ್ಟಿರಲಿಲ್ಲ. ಸಿಕ್ಕವರಿಗೆಲ್ಲ ಧೋತರದ ಗಂಟಿನಿಂದ ಬೇರು ತೆಗೆದು ಕೊಡತೊಡಗಿದರು. "ಅಗೀ ತಮ್ಮಾ. ಜವಾನಿ ವಾಪಸ್ ಬರ್ತದ." ನಮ್ಮ ಮೇಳದವರೆಲ್ಲ ಸತ್ಯ ಗೊತ್ತಿದ್ದೂ ಭಕ್ತಿಯಿಂದ ಅಗಿದರು. ನನಗೊಂದು ಪೊಟ್ಟಣ ಪ್ರತ್ಯೇಕವಾಗಿ ಬಂತು, ಡ್ರಾಯರಿನಲ್ಲಿ ಸಿಕ್ಕದ್ದು ಅದರ ಶೇಷ. ನನ್ನ ಪೇಟಿಯ ಗುಬ್ಬಿ ಮಾಡಿದ್ದು ಬೇರಿನ ಖಾತೆಗೆ ಜಮಾ ಆಗುವುದನ್ನು ನೋಡಿಕೊಂಡು ಸುಮ್ಮನಿರುವುದು, ನಿಜ ಹೇಳುತ್ತೇನೆ, ಕಷ್ಟವಾಗಿತ್ತು.

ಅದಕ್ಕಿಂತ ಕಷ್ಟದ್ದು ಲಾಲಸಾಬರ ವಿಷಯ. ಅವರು ಅಫಜಲಪುರದವರು, ಮುತ್ಯಾನ ಜೊತೆಗೇ ತತ್ವಪದ ಕಲಿತವರು, ಅಲ್ಲಿನ ಮೇಳದ ಮುಂದಾಳು. ಗಂಟಲು ಹಿಡಿತ ತಪ್ಪಿದಾಗ ಲಾಲಸಾಬರು ಯಾರಿಗೂ ಮುಚ್ಚಿಡದೆ ಕರಿ ಎರಡರಿಂದ ಕರಿ ಒಂದಕ್ಕೆ ಇಳಿದಿದ್ದರು. ಮುತ್ಯಾ ಎದುರು ಸಿಕ್ಕಾಗಲೆಲ್ಲ ಕೆಣಕುವರು. "ಪಟ್ಟಿ ಇಳಿಸೂದು ಅಂದ್ರ ಪಟಗ ಇಳಿಸಿದಂಗ ಲೇ ಲಾಲ್ಯಾ. ನನ್ನ ನೋಡು." ಲಾಲಸಾಬರು, "ನಿನ್ನೇ ನೋಡಾಕತ್ತೇನಿ, ಎಷ್ಟು ವರ್ಷ ಆತು" ಎಂದು ನಗುವರು. ಆ ನಗು ವರ್ಷ ಕಳೆದಂತೆ ಸಣ್ಣದಾಗುತ್ತ ಹೋದದ್ದನ್ನು ನಾನು ಗಮನಿಸಿದೆ. ಪ್ರಾಮಾಣಿಕನೊಬ್ಬ ನನ್ನ ಪೇಟಿಯ ಗುಬ್ಬಿಯ ದೆಸೆಯಿಂದ ತಲೆ ತಗ್ಗಿಸುತ್ತಿದ್ದ.

ಘತ್ತರಗಿಗೆ ಹೋದದ್ದು ಒಂದು ಅಮಾವಾಸ್ಯೆಯ ಬೆಳಿಗ್ಗೆ. ಭೀಮೆಯ ದಂಡೆಯ ಭಾಗ್ಯವಂತಿ ಗುಡಿಯ ಅಂಗಳದಲ್ಲಿ ಭಜನೆಯ ಮೇಳಗಳು ಎದುರುಬದುರು ಕೂಡುತ್ತವೆ. ಒಬ್ಬರು ಪದ ಎತ್ತಿದರೆ ಎದುರಿನವರು ಉತ್ತರದ ಪದ ಹಾಡಬೇಕು. ನಡುವೆ ಇರುವುದು ಒಂದೇ ಪೇಟಿ, ಮೊದಲು ಕೂತವರದು. ಅಂದು ಮೊದಲು ಕೂತವರು ಲಾಲಸಾಬರ ಮೇಳ. ಅವರದು ಅಜ್ಜನ ಕಾಲದ ಪೇಟಿ, ಹಲ್ಲು ಹಳದಿಗಟ್ಟಿದ್ದು, ಎತ್ತಲೂ ಜಾರದ್ದು.

"ಲಾಲಸಾಬರ, ನಮ್ಮದು ಹೊಸಾ ಪೇಟಿ ಅದ, ಅದನ್ನೇ ಇಡೂಣೇನ್ರಿ?" ಎಂದೆ.

ಲಾಲಸಾಬರು "ಇಡ್ರಿ, ಅದಕ್ಕೇನದ" ಎಂದರು. ಮುತ್ಯಾ ಬಿಡಬೇಕಲ್ಲ. "ಬ್ಯಾಡ. ಲಾಲ್ಯಾನ ಪೇಟಿ ಮ್ಯಾಲೇ ಹಾಡ್ತೇನಿ. ಕರಿ ಮೂರರಾಗ. ಅವನೂ ಕೇಳ್ಲಿ."

ನಾನು ಆ ಹಳೆಯ ಪೇಟಿಯ ಮುಂದೆ ಕೂತೆ. ಮುತ್ಯಾ ನನ್ನ ಬೆರಳನ್ನೇ ನೋಡುತ್ತಿದ್ದರು, ಬೇರೆ ಮನೆ ಒತ್ತುವ ಹಾಗಿರಲಿಲ್ಲ. ಕರಿ ಮೂರು ಒತ್ತಿದೆ. ಬಹಳ ವರ್ಷಗಳ ಮೇಲೆ ಅವರು ನಿಜವಾದ ಕರಿ ಮೂರು ಕೇಳಿದ್ದು ಅವತ್ತೇ. ಹುಬ್ಬು ಒಮ್ಮೆ ಮೇಲೇರಿತು. ಆದರೂ ಎತ್ತಿದರು. ಕೆಳಗಿನ ಸಾಲು ಹೇಗೋ ನಡೆಯಿತು. ಮೇಲಿನ ಸಾಲಿಗೆ ಕೈ ಎತ್ತಿ, ಕಣ್ಣು ಮುಚ್ಚಿ, ಬಾಯಿ ತೆರೆದರು. ಬರೀ ಗಾಳಿ ಬಂತು.

ಮೊದಲು ಚೇತರಿಸಿಕೊಂಡವರು ಲಾಲಸಾಬರು. ತಾಳ ಕೈಗೆತ್ತಿಕೊಂಡು ತಮ್ಮ ಮೇಳಕ್ಕೆ ಸನ್ನೆ ಮಾಡಿದರು. ಹತ್ತು ಗಂಟಲು ಒಟ್ಟಿಗೆ, ಸ್ವರ ಮುಟ್ಟಿದರೋ ಇಲ್ಲವೋ, ಪಲ್ಲವಿಯನ್ನು ಕೂಗಿಬಿಟ್ಟವು. ಕೇಳಲು ನಿಂತ ಜನ ಅದೂ ಹಾಡಿನ ರೀತಿಯೇ ಎಂದುಕೊಂಡಿರಬೇಕು. ಮುತ್ಯಾ ಕಣ್ಣು ತೆರೆದು ನನ್ನನ್ನು ನೋಡಲಿಲ್ಲ, ಪೇಟಿಯನ್ನು ನೋಡಿದರು. ಆಮೇಲೆ ಟೆಂಪೋದ ಹತ್ತಿರ ಜರಿಬಟ್ಟೆ ಹೊದ್ದು ಕೂತಿದ್ದ ನನ್ನ ಪೇಟಿಯನ್ನು ನೋಡಿದರು.

ಮರುದಿನ ಬೆಳಿಗ್ಗೆ ಕರೆ ಬಂತು: "ಪೇಟಿ ತಗೊಂಡು ಬಾ." ಹೋದೆ. ಪಡಸಾಲೆಯಲ್ಲಿ ಅವರ ಮನೆಯ ಹಳೆಯ ಪೇಟಿ ಅಟ್ಟದಿಂದ ಇಳಿದು ಕೂತಿತ್ತು. ಇಲಿ ಕಡಿದ ಗಾಳಿಯ ತಿದಿಗೆ ನೀಲಮ್ಮಾಯಿಯ ಸೀರೆಯ ತುಂಡು ಕಟ್ಟಿದ್ದರು. ಅದರ ಕರಿ ಮೂರು ಒತ್ತಿದರು. ನನ್ನದರ ಕರಿ ಮೂರು ಒತ್ತಿದರು. ಎರಡು ಏಣಿ ಪಕ್ಕಪಕ್ಕ ನಿಂತವು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು.

ನಾನು ಎಲ್ಲವನ್ನೂ ಹೇಳಿದೆ, ನೆಗಡಿಯಿಂದ ಹಿಡಿದು. ಬೈಗುಳಕ್ಕೆ ತಯಾರಾಗಿದ್ದೆ. ಬೈಯಲಿಲ್ಲ.

"ಜ್ವರ ಬಂದವಗ ಗಂಜಿ ಕೊಟ್ಟಿ. ಛಲೋ ಮಾಡಿದಿ. ಜ್ವರ ಬಿಟ್ಟ ಮ್ಯಾಲ ರೊಟ್ಟಿ ಯಾಕ ಕೊಡಲಿಲ್ಲ?"

ಜರಿಬಟ್ಟೆ ಎತ್ತಿ ಪೇಟಿಗೆ ಹೊದಿಸಹೋದೆ, ಅವರು ಕೈ ಅಡ್ಡ ಇಟ್ಟರು.

"ನನ್ನ ಆವಾಜ ಯಾವತ್ತ ಹೋತು? ನಿನಗರ ಗೊತ್ತದೇನು?"

"ಇಲ್ರಿ ಮುತ್ಯಾ."

"ನನಗೂ ಗೊತ್ತಿಲ್ಲ. ಕರಿ ಮೂರರಾಗ ನಾ ಕಡೀಕ ಹಾಡಿದ ಪದ ಯಾವುದು? ಯಾವ ಸೋಮವಾರ? ಇಷ್ಟು ವರ್ಷ ನನ್ನ ಕೂಡ ಇದ್ದದ್ದು ಮನಿ ಬಿಟ್ಟು ಹೋತು, ಕಳಿಸಾಕ ನಾ ಬಾಗಲತನಕ ಬರಲಿಲ್ಲ. ಒಳಗ ಕುಂತು ಜೇಷ್ಠಮದ್ದು ಅಗೀತಿದ್ದೆ."

ಆ ಮಾತು ನನ್ನ ಎದೆಗೆ ತಾಗಿತು. ಆದರೆ ಸಾಮಾನಿನ ಮೇಲಿನ ನಂಬಿಕೆ ಅಷ್ಟು ಬೇಗ ಸಾಯುವುದಿಲ್ಲ. ಎಲ್ಲ ಸೋಮವಾರಗಳ ರೆಕಾರ್ಡಿಂಗ್ ನನ್ನ ಫೋನಿನಲ್ಲಿ ಇದೆ, ಹುಡುಕಿ ಹೇಳುತ್ತೇನೆ ಎಂದೆ. ಹೇಳಿದ ಮೇಲೆ ಹೊಳೆಯಿತು: ಅದರಲ್ಲಿ ಪಟ್ಟಿ ಇಳಿದ ದಿನಗಳು ಸಿಗುತ್ತವೆ, ನಿಜ, ಆದರೆ ಅವು ನಾನು ಗುಬ್ಬಿ ಸರಿಸಿದ ದಿನಗಳು. ಅದು ನನ್ನ ಕೈಯ ಚರಿತ್ರೆ, ಅವರ ಗಂಟಲಿನದಲ್ಲ.

ಮುತ್ಯಾ ಹಾಡು ಬಿಟ್ಟರು. ಸೋಮವಾರ ಮಠಕ್ಕೆ ಬರಲಿಲ್ಲ, ಮುಂದಿನ ಸೋಮವಾರವೂ ಇಲ್ಲ. ಮೇಳದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮಂಗಳಾರತಿ ಹಾಡಿ ಎದ್ದರು. ನೀಲಮ್ಮಾಯಿ ಮತ್ತೆ ಅಂಗಡಿಗೆ ಬಂದರು, ಈ ಸಲ ಫುಟ್‌ವಾಲ್ವಿನ ನೆಪವೂ ಇಲ್ಲದೆ. "ದಿನಾ ಒಲಿ ಮುಂದ ಕುಂಡರ್ತಾರ. ಪಲ್ಯಾಕ ಉಪ್ಪು ಎಷ್ಟು ಹಾಕಬೇಕು ಅಂತ ನನಗ ಹೇಳ್ತಾರ. ನಲವತ್ತೈದು ವರ್ಷ ಮಾಡಿದ ಪಲ್ಯಾ ಅದು." ಹೊರಡಲು ಎದ್ದು, "ರಾತ್ರಿ ಊಟ ಬಿಟ್ಟಾರ" ಎಂದರು. ಆಗ ಅವರ ಕಣ್ಣಿನಲ್ಲಿ ನೀರಿತ್ತು.

ನಾನು ಸುಮ್ಮನಿರದೆ ಒಂದು ಹಳೆಯ ರೆಕಾರ್ಡಿಂಗನ್ನು ಸಾಫ್ಟ್‌ವೇರಿನಿಂದ ಮೂರು ಮನೆ ಮೇಲೇರಿಸಿ, ನಿಜವಾದ ಕರಿ ಮೂರಿಗೆ ತಂದು, ಅವರಿಗೆ ಕೇಳಿಸಿದೆ. ಪೂರ್ತಿ ಕೇಳಿ, "ಯಾರದು, ಸಣ್ಣ ಹುಡುಗ ಛಲೋ ಹಾಡಾಕತ್ತಾನ" ಎಂದು ಗೋಡೆಯ ಕಡೆ ತಿರುಗಿದರು. ಅವತ್ತು ಮೊದಲ ಬಾರಿಗೆ ನನ್ನ ಅಂಗಡಿಯಲ್ಲಿ ಇಲ್ಲದ ಬಿಡಿಭಾಗವೂ ಇರುತ್ತದೆ ಎಂಬ ಅನುಮಾನ ಬಂತು.

ಲಾಲಸಾಬರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಮರುದಿನವೇ ಬಸ್ಸು ಹಿಡಿದು ಬಂದರು. ಪಡಸಾಲೆಯಲ್ಲಿ ಕೂತು, ಚಹಾ ಕುಡಿದು, ತೊಗರಿಯ ಧಾರಣೆ ಮಾತಾಡಿ, ಆಮೇಲೆ ಕೇಳಿದರು, "ಹಾಡು ಯಾಕ ಬಿಟ್ಟಿ?"

"ಆಣಿ ಅದ. ಕರಿ ಮೂರು ಬಿಟ್ಟ ದಿನ ಹಾಡು ಬಿಡ್ತೇನಿ ಅಂದೀನಿ."

"ನೀ ಎಲ್ಲಿ ಬಿಟ್ಟೀ? ಇವರು ನಿನ್ನ ಕಿಸೇದಾಗಿಂದ ತಗದಾರ. ಕಳಕೊಂಡದ್ದು ಬ್ಯಾರೆ, ಬಿಟ್ಟದ್ದು ಬ್ಯಾರೆ." ಲಾಲಸಾಬರು ಲೋಟ ಕೆಳಗಿಟ್ಟರು. "ನಾ ಬಿಟ್ಟ ದಿನ ಹೇಳ್ಲೇನು? ದರ್ಗಾದ ಕಟ್ಟಿ ಮ್ಯಾಲ ಕುಂತು ಕರಿ ಎರಡರಾಗ ಒಂದು ಪದ ಪೂರಾ ಹಾಡ್ದೆ. ಮೂರು ಕಡೆ ಒಡೀತು. ಒಡದ್ರೂ ಹಾಡ್ದೆ. ಸಲಾಂ ಮಾಡಿ ಎದ್ದೆ. ಮರುದಿನ ಕರಿ ಒಂದು. ನೀ ನಗತಿದ್ದಿ, ನಗು. ನನ್ನ ಪಟ್ಟಿ ಎಲ್ಲಿ ಹೋತಂತ ನನಗ ಗೊತ್ತದ."

ಮುತ್ಯಾ ಪಟಗ ತೆಗೆದು ಮಡಿಲಲ್ಲಿಟ್ಟುಕೊಂಡು, "ನಗಬಾರದಿತ್ತು" ಎಂದರು. ಆಮೇಲೆ ನನಗೆ, "ಪೇಟಿ ಅದರ ಖರೇ ಜಾಗಾದಾಗ ಇಡು."

ಜರಿಬಟ್ಟೆ ತೆಗೆದೆ. ಗುಬ್ಬಿ ಎತ್ತಿ ಮೂರು ಮನೆ ಮೇಲೆ ಸರಿಸಿದೆ. ಅವರು ನೋಡುತ್ತಿರುವಾಗ ಸರಿಸಿದ್ದು ಅದೇ ಮೊದಲು. ತಂಬೂರಿ ಆ್ಯಪ್ ಬೇಡ ಅಂದರು. ಲಾಲಸಾಬರು ತಾಳ ಹಿಡಿದರು, ನೀಲಮ್ಮಾಯಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತರು. ಮುತ್ಯಾ ಚಿಕ್ಕಂದಿನಲ್ಲಿ ಮೊದಲು ಕಲಿತ ತತ್ವಪದ ಎತ್ತಿದರು. ಮೇಲಿನ ಸಾಲಿನಲ್ಲಿ ಧ್ವನಿ ಒಡೆಯಿತು. ಎರಡನೆಯ ನುಡಿಯಲ್ಲಿ ಒಡೆಯಿತು. ಮೂರನೆಯದರಲ್ಲಿ ಒಂದು ಕ್ಷಣ, ಒಂದೇ ಕ್ಷಣ, ಆ ಹಳೆಯ ಸ್ವರ ಹತ್ತಿ ನಿಂತು, ಮತ್ತೆ ಒಡೆಯಿತು. ಅವರ ಕೆನ್ನೆ ಒದ್ದೆಯಾಗಿತ್ತು. ಪದ ಮುಗಿಸಿ ಪೇಟಿಗೆ ಕೈಮುಗಿದರು.

"ಹೋತು," ಎಂದರು. "ನೋಡಿದೆ."

ಆಮೇಲೆ ಪೇಟಿಯನ್ನು ತಮ್ಮ ಕಡೆ ಎಳೆದುಕೊಂಡರು. "ಇದು ಹ್ಯಾಂಗ ಸರಸೂದು?" ತೋರಿಸಿದೆ. ತಾವೇ ಗುಬ್ಬಿ ಎತ್ತಿ ಒಂದು ಮನೆ ಇಳಿಸಿದರು, ಅದೇ ಸಾಲು ಹಾಡಿ ನೋಡಿದರು, ತಲೆಯಾಡಿಸಿದರು. ಇನ್ನೊಂದು ಮನೆ ಇಳಿಸಿದರು. ಹಾಡಿದರು. ಮೇಲಿನ ಸಾಲು ಹತ್ತಿತು, ನಿಂತಿತು, ತುಂಬಿತು. ಹೊರಗೆ ಹೋಗುತ್ತಿದ್ದ ಒಬ್ಬಾಕೆ ಕೊಡ ಹೊತ್ತುಕೊಂಡೇ ಬಾಗಿಲಲ್ಲಿ ಇಣುಕಿದಳು. ಮೂರನೆಯ ಮನೆಗೆ ಅವರು ಹೋಗಲೇ ಇಲ್ಲ. ನಾನು ದಯೆಯಿಂದ ಇಳಿಸಿದ್ದಕ್ಕಿಂತ ಒಂದು ಮನೆ ಮೇಲೆಯೇ ಅವರ ಗಂಟಲು ನಿಂತಿತ್ತು. ವಯಸ್ಸು ಕಸಿದದ್ದು ಎರಡು, ನಾನು ಕಸಿದದ್ದು ಮೂರು. ಮುತ್ಯಾ ನನ್ನ ಮುಖ ನೋಡಿ, ಗುಬ್ಬಿಯನ್ನು ಅಲ್ಲೇ ಕೂರಿಸಿದರು.

"ಮತ್ತ ಆಣಿ?" ಎಂದರು ಲಾಲಸಾಬರು, ಮೀಸೆಯಲ್ಲಿ ನಗುತ್ತ.

"ಆಣಿ ಮಾಡಿದಾವ ಇಪ್ಪತ್ತೈದು ವರ್ಷದ ಹುಡುಗ. ಅವನ ಮಾತು ನಾ ಯಾಕ ಕೇಳ್ಲಿ?" ಎಂದರು ಮುತ್ಯಾ. ಹೊಸ್ತಿಲಿನಿಂದ ನೀಲಮ್ಮಾಯಿ, "ಹಂಗಾದ್ರ ಸಂಜಿಕ ಮಠಕ್ಕ ಹೋಗ್ತೀರಲ್ಲ?" ಎಂದು ಖಾತ್ರಿ ಮಾಡಿಕೊಂಡು ಒಳಗೆ ಹೋದರು. ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು.

ಈಗ ನನ್ನ ಸಾಮಾನೇನೂ ಕಡಿಮೆಯಾಗಿಲ್ಲ. ನೀವು ನನ್ನನ್ನು ಸುಧಾರಿಸಿದ ಮನುಷ್ಯ ಎಂದು ತಿಳಿಯಬೇಡಿ. ಹೋದ ವಾರವಷ್ಟೇ ಕಾಲಿನಿಂದ ಒತ್ತಿದರೆ ಪದದ ಹಾಳೆ ತಿರುವುವ ಪೆಡಲ್ ಬಂದಿದೆ. ಹಾಡುವವರ ದನಿ ಕೇಳಿ ಪಟ್ಟಿಯನ್ನು ತಾನೇ ಇಳಿಸಿಕೊಳ್ಳುವ ಹೊಸ ತಂಬೂರಿ ಆ್ಯಪ್ ಕೂಡ ಬಂದಿದೆ, ಅದೊಂದನ್ನು ಹಾಕಿಕೊಂಡಿಲ್ಲ. ಪೇಟಿಗೆ ಬಟ್ಟೆ ಹೊದಿಸುವುದನ್ನು ಬಿಟ್ಟಿದ್ದೇನೆ. ಮುತ್ಯಾ ಪದಕ್ಕೆ ಮೊದಲು ಎಲ್ಲರಿಗೂ ಕೇಳುವಂತೆ ತಮ್ಮ ಪಟ್ಟಿ ಹೇಳುತ್ತಾರೆ, ಬೇರೆಯವರು ಊರು ಹೆಸರು ಹೇಳುವ ಹಾಗೆ.

ನಿನ್ನೆ ಸೋಮವಾರ. ಮಠದಲ್ಲಿ ಕೂತ ಮೇಲೆ ಅವರು ಕೆಮ್ಮಿ ಗಂಟಲು ಸರಿಮಾಡಿಕೊಂಡು, "ಇವತ್ತ ಒಂದು ಮನಿ ಮ್ಯಾಲ ಸರಸು" ಎಂದರು.

ನನ್ನ ಕೈ ಗುಬ್ಬಿಯ ಮೇಲೆ ತಡೆಯಿತು. ಎರಡು ದಿನದಿಂದ ಅವರಿಗೆ ಮೈ ಬೆಚ್ಚಗಿರುವುದು ನನಗೆ ಗೊತ್ತಿತ್ತು. ಸರಿಸಿದ ಹಾಗೆ ಮಾಡಿ ಸರಿಸದೇ ಇರುವುದು ಎಷ್ಟು ಸುಲಭ ಎಂಬುದೂ ಗೊತ್ತಿತ್ತು. ಅವರು ನನ್ನ ಕೈ ನೋಡಿದರು.

"ಒಡದ್ರ ಒಡೀಲಿ ತಮ್ಮಾ. ನಂದಲ್ಲೇನು?"

ಸರಿಸಿದೆ. ಮೇಲಿನ ಸಾಲಿನಲ್ಲಿ ಒಡೆಯಿತು. ಮೇಳದವರು ಯಾರೂ ದನಿ ಏರಿಸಿ ಮುಚ್ಚಲಿಲ್ಲ. ಮುತ್ಯಾ ಒಂದು ಉಸಿರು ತೆಗೆದುಕೊಂಡು ಅದೇ ಸಾಲನ್ನು ಮತ್ತೆ ಎತ್ತಿದರು, ನಾನು ಕರಿ ಮೂರರ ಮೇಲೆ ಬೆರಳಿಟ್ಟು ಅವರ ಹಿಂದೆ ಹೊರಟೆ.